ಹಸಿರು ತಂತಿ, ನೀಲಿ ತಂತಿ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ದಯವಿಟ್ಟು ಕ್ಷಮಿಸಿ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು, ದೊಡ್ಡ ಪದಗಳು ಬರುವುದಿಲ್ಲ. ಒಂದೊಂದು ಸಾಲನ್ನೂ ಬೇರೆ ಹಾಳೆಯಲ್ಲಿ ಬರೆದು, ತಪ್ಪು ತಿದ್ದಿ, ಇಲ್ಲಿಗೆ ಇಳಿಸುತ್ತಿದ್ದೇನೆ. ಬರೆಯುತ್ತಿರುವುದು ನನ್ನ ಸೋದರಮಾವನ ಬಗ್ಗೆ.

ಮಾವ ಕಾರುಗಳ ಬ್ಯಾಟರಿ, ವೈರಿಂಗ್ ರಿಪೇರಿ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ತಗಡಿನ ಶೆಡ್ಡು. ಎಲ್ಲರಿಗೂ ಅವರು ಕರೆಂಟಣ್ಣ. ಅವರ ಪ್ಯಾಂಟುಗಳ ತೊಡೆಯ ಮೇಲೆಲ್ಲ ಸಣ್ಣ ಸಣ್ಣ ತೂತುಗಳು, ಬ್ಯಾಟರಿಯ ಆಸಿಡ್ ಸಿಡಿದು ಆದದ್ದು. "ನಿಮ್ಮ ಮಾವನ ಪ್ಯಾಂಟಲ್ಲಿ ಹಿಟ್ಟು ಜರಡಿ ಹಿಡೀಬಹುದು" ಎನ್ನುತ್ತಾರೆ ಅತ್ತೆ. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಅತ್ತೆ ನೀರಿನ ಚೊಂಬು ತಂದು ಪಕ್ಕದಲ್ಲಿಡುತ್ತಾರೆ.

ಶಾಲೆಯಲ್ಲಿ ಗೊತ್ತಿದ್ದ ಉತ್ತರವನ್ನೂ ಎದ್ದು ನಿಂತು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಶೆಡ್ಡಿನಲ್ಲಿ ಮಾತೇ ಬೇಕಿಲ್ಲ ಎಂದುಕೊಂಡು ಮಾವನ ಜೊತೆ ಕೆಲಸಕ್ಕೆ ಸೇರಿದೆ.

ಹೋದ ತಿಂಗಳು ನರ್ಸಮ್ಮ ಆಸ್ಪತ್ರೆಯ ಕಾರಿನಲ್ಲಿ ಬಂದರು. ಮನೆಮನೆಗೆ ಹೋಗಿ ಲಸಿಕೆ ಹಾಕುವವರು. ಲಸಿಕೆ ತಂಪಾಗಿಡುವ ಪೆಟ್ಟಿಗೆಗೆ ಕಾರಿನಲ್ಲೇ ಒಂದು ಪ್ಲಗ್ ಪಾಯಿಂಟ್ ಬೇಕಿತ್ತು. ಅದನ್ನು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಗೆ ಜೋಡಿಸಬೇಕು. ಆ ಕಾರಿನಲ್ಲಿ ಅದು ನೀಲಿ ತಂತಿ. ಪಕ್ಕದ ಹಸಿರು ತಂತಿಯಲ್ಲಿ ಕೀ ತೆಗೆದರೂ ಕರೆಂಟು ಇರುತ್ತದೆ. ಮಾವ ಹಸಿರನ್ನೇ ಎಳೆದು ಜೋಡಿಸಿದ್ದನ್ನು ನಾನು ನೋಡಿದೆ. ಕರೆಂಟಿದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ಹಿಡಿದು ಅವರು ನೋಡಲೂ ಇಲ್ಲ. "ಈ ಗಾಡಿ ನಂಗೆ ಬಾಯಿಪಾಠ" ಎಂದರು. ಮಾವನಿಗೆ ಗೊತ್ತಿರದ್ದು ನನಗೇನು ಗೊತ್ತು ಎಂದು ಸುಮ್ಮನಾದೆ.

ಆಮೇಲೆ ಆ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಲ್ಲತೊಡಗಿತು. ಎರಡು ಸಲ ಚಾರ್ಜ್ ಮಾಡಿ ಕಳಿಸಿದೆವು. ನಿನ್ನೆ ಮೂರನೇ ಸಲ ನರ್ಸಮ್ಮ ಪಕ್ಕದ ಮನೆಯವರ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಸಿಕೊಂಡು ಬಂದರು.

"ಕರೆಂಟಣ್ಣ, ನಿಮ್ಮ ಚಿಕಿತ್ಸೆ ಸಾಕಾಯ್ತು. ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ಆಸ್ಪತ್ರೆಯ ಐದೂ ಗಾಡಿ ದೊಡ್ಡ ರಸ್ತೆ ವರ್ಕ್‌ಶಾಪಿಗೆ ಅಂತ ನಮ್ ಸಾಹೇಬ್ರು ಹೇಳಿದಾರೆ."

ಆ ಐದು ಗಾಡಿಗಳೇ ನಮ್ಮ ಶೆಡ್ಡಿನ ಅರ್ಧ ಕೆಲಸ. ನರ್ಸಮ್ಮ ಪೆಟ್ಟಿಗೆಯ ಪ್ಲಗ್ ಕಿತ್ತು, ಅದನ್ನು ಹೆಗಲಿಗೆ ಹಾಕಿಕೊಂಡು ಲಸಿಕೆ ಹಾಕಲು ನಡೆದೇ ಹೋದರು. ಪ್ರತಿ ಸಲವೂ ಹಾಗೇ ಹೋಗುತ್ತಿದ್ದರು.

ಮಾವ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟರು. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿದರು. ಗಾಡಿ ನಿಂತಿದ್ದಾಗಲೂ ಏನಾದರೂ ಕರೆಂಟು ಕುಡಿಯುತ್ತಿದ್ದರೆ ಆ ದೀಪ ಉರಿಯುತ್ತದೆ. ಉರಿಯಲಿಲ್ಲ.

ಪಕ್ಕದ ಪಂಕ್ಚರ್ ಅಂಗಡಿಯವರು ಇಣುಕಿದರು. "ಏನಣ್ಣ, ಕರೆಂಟಣ್ಣಂಗೇ ಶಾಕ್ ಹೊಡೀತಾ?"

ಮಾವ ನಗಲಿಲ್ಲ. "ಬ್ಯಾಟರೀನೇ ಹೋಗಿದೆ. ಹೊಸದು ಹಾಕ್ಬೇಕು."

ಬ್ಯಾಟರಿಗೆ ಇನ್ನೂ ಎಂಟೇ ತಿಂಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸದು ಹಾಕಿದರೂ ನಾಲ್ಕನೇ ಸಲ ಕಾರು ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಬೇಕೆಂದು ಮೂರು ಸಲ ಹತ್ತಿರ ಹೋಗಿ, ಮೂರು ಸಲವೂ ಸ್ಪ್ಯಾನರ್ ಎತ್ತಿಕೊಟ್ಟು ಬಂದೆ.

ಮಧ್ಯಾಹ್ನ ನರ್ಸಮ್ಮ ಬೆವರುತ್ತ ಬಂದು ಪೆಟ್ಟಿಗೆ ಕೆಳಗಿಟ್ಟರು. ಮಾವ ಹೊಸ ಬ್ಯಾಟರಿಯ ಮಾತು ತೆಗೆದರು.

"ಮಾವ, ಪೆಟ್ಟಿಗೆ..." ಎಂದೆ.

"ಏನೇ ಅದು?"

"ಅದರ ಪ್ಲಗ್ ಚುಚ್ಚಿ ನೋಡಿ. ರಾತ್ರಿಯೆಲ್ಲ ಅದು ಕಾರಲ್ಲೇ ಇರುತ್ತೆ. ಇಲ್ಲಿಗೆ ಬಂದಾಗ ಮಾತ್ರ ಇರಲ್ಲ."

"ಹೌದು, ಖಾಲಿ ಪೆಟ್ಟಿಗೆ ಪ್ಲಗ್ ತೆಗೀದೆ ಅಲ್ಲೇ ಬಿಡ್ತೀನಿ" ಎಂದರು ನರ್ಸಮ್ಮ.

ಪ್ಲಗ್ ಚುಚ್ಚಿದೆ. ಕೀ ನನ್ನ ಅಂಗೈಯಲ್ಲೇ ಇತ್ತು. ಬ್ಯಾಟರಿಗೆ ಸಿಕ್ಕಿಸಿದ್ದ ದೀಪ ಹತ್ತಿತು.

ಮಾವ ದೀಪದ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ತಾವು ಜೋಡಿಸಿದ್ದ ತಂತಿಯನ್ನೂ ಪಕ್ಕದ್ದನ್ನೂ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡರು. "ಇದ್ಯಾವ ಬಣ್ಣ?"

"ಹಸಿರು. ಆ ಕಡೇದು ನೀಲಿ."

"ನಂಗೆರಡೂ ಒಂದೇ ಥರ ಕಾಣ್ತಿದೆಯಲ್ಲೇ." ತಂತಿ ಬಿಟ್ಟು ನನ್ನನ್ನು ಕೇಳಿದರು, "ನಿಂಗೆ ಅವತ್ತೇ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

"ಬಾಯಿ ಬಿಟ್ರೆ ಮುತ್ತು ಉದುರ್ತಿತ್ತಾ, ಪುಟ್ಟಿ?"

ಬೈದದ್ದಲ್ಲ. ಬೈಯುವಷ್ಟು ತ್ರಾಣ ಆ ದನಿಯಲ್ಲಿ ಇರಲಿಲ್ಲ. ಅವರು ನರ್ಸಮ್ಮನ ಕಡೆ ತಿರುಗಿ, "ತಪ್ಪು ನಂದೇ ಅಮ್ಮ. ನಾನೇ ತಪ್ಪು ತಂತಿಗೆ ಹಾಕಿದ್ದೆ" ಎಂದರು. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಹೀಗೆ ಹೇಳಿದ್ದರೋ ಗೊತ್ತಿಲ್ಲ. ನಾನು ಕೇಳಿದ್ದು ಅದೇ ಮೊದಲು.

ನರ್ಸಮ್ಮ ಬೈಯಲು ಬಾಯಿ ತೆರೆದವರು ಅದನ್ನು ಬಿಟ್ಟು ಹತ್ತಿರ ಬಂದರು. ಮಾವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ರೆಪ್ಪೆ ಎತ್ತಿ ನೋಡಿದರು. "ಮಂಜು ಮಂಜಾಗಿ ಕಾಣೋದು ಎಷ್ಟು ದಿನದಿಂದ?"

"ವರ್ಷ ಆಯ್ತೇನೋ. ಸುಸ್ತಿಗೆ ಅಂದ್ಕೊಂಡಿದ್ದೆ."

"ಪೊರೆ ಬಂದ ಹಾಗಿದೆ. ಗಾಡಿ ಕಣ್ಣು ಸರಿ ಮಾಡೋರು ನಿಮ್ ಕಣ್ಣು ನೋಡ್ಕೋಬಾರ್ದಾ? ನಾಳೆ ಬೆಳಿಗ್ಗೆ ಇದು ಸ್ಟಾರ್ಟ್ ಆಗ್ಲಿ, ಆಮೇಲೆ ಐದು ಗಾಡಿ ಮಾತು."

ತಂತಿ ಬದಲಾಯಿಸಿದೆವು. ಮಾವ ಬಿಚ್ಚಿದರು, ನಾನು ಬಣ್ಣ ಹೇಳಿದೆ, ಅವರು ಜೋಡಿಸಿದರು. ಬ್ಯಾಟರಿ ಚಾರ್ಜ್ ಮಾಡಿ ಸಂಜೆ ಕಾರು ಕಳಿಸಿದೆವು.

ಇವತ್ತು ಬೆಳಿಗ್ಗೆ ನರ್ಸಮ್ಮ ಶೆಡ್ಡಿನ ಮುಂದೆ ಎಂಜಿನ್ ಆಫ್ ಮಾಡದೆಯೇ ನಿಲ್ಲಿಸಿ ಕೂಗಿದರು. "ಐದೂ ನಿಮಗೇ. ಆದ್ರೆ ಬಣ್ಣ ಹುಡುಗಿ ನೋಡ್ಲಿ!" ಮಾವ ಕೈಯೆತ್ತಿದರು, ಅಷ್ಟೆ. ಆಮೇಲೆ ಸ್ಟೂಲಿನ ಮೇಲೆ ಕೂತು ಎರಡೂ ಕಣ್ಣನ್ನು ಉಜ್ಜಿಕೊಂಡರು.

ನಾಳೆ ಶೆಡ್ಡಿಗೆ ರಜೆ. ನಾನು ಮಾವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಚೀಟಿ ಬರೆಸುವ ಕಿಟಕಿಯಲ್ಲಿ ಅವರ ಹೆಸರು, ವಯಸ್ಸು ಎಲ್ಲ ನಾನೇ ಹೇಳುತ್ತೇನೆ.