ಹೆಡ್‌ಮಾಸ್ತರರು ಕೊಟ್ಟ ಎರಡು ವರ್ಷ

ಗುರುಶಾಂತಪ್ಪನಿಗೆ ಎರಡು ವಯಸ್ಸು. ನಿಜವಾಗಿ ಹುಟ್ಟಿದ್ದು ೧೯೫೮ರಲ್ಲಿ. ಶಾಲೆಯ ದಾಖಲೆಯಲ್ಲಿ, ಹಾಗಾಗಿ ಪಾಸ್‌ಪೋರ್ಟಿನಲ್ಲೂ, ೧೯೬೦ರ ಜೂನ್ ಒಂದು. ಹಾಗೆ ಬರೆದವರು ಅವನ ತಂದೆ ಬಸವಂತಪ್ಪನವರೇ. ಗದಗಿನ ಹತ್ತಿರದ ಹಳ್ಳಿಯೊಂದರಲ್ಲಿ ಹೆಡ್‌ಮಾಸ್ತರರು. ಸರ್ಕಾರಿ ನೌಕರಿಗೆ ಅರ್ಜಿ ಹಾಕಲು ಮಗನಿಗೆ ಎರಡು ವರ್ಷ ಹೆಚ್ಚು ಸಿಗಲಿ ಎಂಬ ಆಸೆ. ಊರಿನ ಅರ್ಧ ಹುಡುಗರಿಗೆ ಅವರು ಇದೇ ಉಪಕಾರ ಮಾಡಿದ್ದರು. ನಮ್ಮ ಜನಕ್ಕೆ ಇದು ಸುಳ್ಳು ಅಂತಲೇ ಅನ್ನಿಸುವುದಿಲ್ಲ.

ಹೆಂಡತಿ ಇಲ್ಲಿನ, ಅಂದರೆ ಅಮೆರಿಕದ, ಸಿಟಿಜನ್. ಅವಳ ಮೂಲಕ ೧೯೮೪ರಲ್ಲಿ ಗ್ರೀನ್ ಕಾರ್ಡ್ ಹಿಡಿದು ಬರ್ಕ್ಲಿಗೆ ಬಂದ. ನಮ್ಮ ಕೆಳಗಿನ ಅಪಾರ್ಟ್‌ಮೆಂಟೇ ಅವರದು. ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು ನಕ್ಷೆ ಬರೆಯಬಲ್ಲ ಆಸಾಮಿ ಕ್ಯಾಂಪಸ್ಸಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ವಿದ್ಯಾರ್ಥಿಗಳು ಕಟ್ಟುಗಟ್ಟಲೆ ಫಾರಂ ತರುತ್ತಿದ್ದರು. ಓದಲು ಫೆಡರಲ್ ಸರ್ಕಾರದ ನೆರವು ಬೇಕೆಂದರೆ ಹುಡುಗರು ಮಿಲಿಟರಿ ಪಟ್ಟಿಗೆ ಹೆಸರು ಕೊಟ್ಟಿರಬೇಕು, ಕೊಟ್ಟಿದ್ದೇವೆಂದು ಸಹಿ ಹಾಕಬೇಕು. ನಾಳೆ ಯುದ್ಧ ಬಂದರೆ ಯಾರನ್ನು ಎಳೆದೊಯ್ಯಬಹುದು ಎಂಬ ಪಟ್ಟಿ ಅದು. ಪುಸ್ತಕ ಕೇಳಿದ ಹುಡುಗನಿಗೆ ಬಂದೂಕಿನ ಮಾತು! ನನಗೆ ಆಗಲೇ ಹೇಸಿಗೆಯಾಗಿತ್ತು.

ಅವನು ಬಂದ ಹೊಸತರಲ್ಲಿ ಒಂದು ದಿನ ಪೋಸ್ಟ್ ಆಫೀಸಿಗೆ ಇಬ್ಬರೂ ಹೋಗಿದ್ದೆವು. ಗೋಡೆಯ ಮೇಲೆ ಅದೇ ಮಿಲಿಟರಿ ಪಟ್ಟಿಯ ನೋಟೀಸು. ೧೯೬೦ರಿಂದ ಈಚೆಗೆ ಹುಟ್ಟಿ ಇಪ್ಪತ್ತಾರು ತುಂಬದ ಗಂಡಸರು, ಗ್ರೀನ್ ಕಾರ್ಡಿನವರೂ ಸೇರಿ, ಹೆಸರು ಬರೆಸಬೇಕು.

"ನಿನಗೂ ಅಪ್ಲೈ ಆಗುತ್ತೇನೋ ನೋಡು" ಅಂದೆ.

ಪೂರ್ತಿ ಓದಿ ನಕ್ಕುಬಿಟ್ಟ. "ನಾ ಐವತ್ತೆಂಟರಾಗ ಹುಟ್ಟಿದಾಂವ ಅಕ್ಕಾರ. ಅದು ನನಗಲ್ಲ ಬಿಡ್ರಿ."

ಸಿಟಿಜನ್ ಆದ ಮೇಲೆ, ೧೯೮೮ರಲ್ಲಿ, ಫೆಡರಲ್ ಸರ್ಕಾರದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಅವನು ಎಳೆದ ಗೆರೆಗಳನ್ನು ನೋಡಿ ಅಲ್ಲಿನವರು ಬೆರಗಾಗಿದ್ದರಂತೆ. ಕೊನೆಯ ಫಾರಂನಲ್ಲಿ ಮಾತ್ರ ಸಿಕ್ಕಿಬಿದ್ದ. ಮಿಲಿಟರಿ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಸರ್ಕಾರಿ ಕೆಲಸವಿಲ್ಲ. ಈಗ ಸೇರಿಸೋಣವೆಂದರೆ ಕಾಗದದ ಲೆಕ್ಕದಲ್ಲಿ ಇಪ್ಪತ್ತಾರು ದಾಟಿತ್ತು. ಬೆಟ್ಟದ ಎತ್ತರ ಗುರುತಿಸುವವನು ಸಾಯಲು ಸಿದ್ಧನಿದ್ದನೇ ಎಂದು ಕೇಳುತ್ತಾರಲ್ಲ, ಇವರಿಗೆ ನಾಚಿಕೆ ಬೇಡವೇ? ಥೂ!

ಕಚೇರಿಯ ಹೆಂಗಸು ಒಳ್ಳೆಯವಳೇ. ವಿಷಯ ಗೊತ್ತಿರಲಿಲ್ಲವೆಂದು ಬರೆದುಕೊಟ್ಟರೆ ಮೇಲಿನವರು ವಿನಾಯಿತಿ ಕೊಡಬಹುದು ಎಂದಳಂತೆ.

"ಗೊತ್ತಿರ್ಲಿಲ್ಲ ಅಂತ ಬರೆದು ಬಿಸಾಕಪ್ಪಾ" ಅಂದೆ ನಾನೂ.

"ಗೊತ್ತಿತ್ತಲ್ರೀ ಅಕ್ಕಾರ. ನಿಮ್ಮ ಮುಂದನ ಓದೇನಿ."

ಅಪ್ಪನಿಗೆ ನಡೆದದ್ದನ್ನೆಲ್ಲ ಬರೆದ. ಮೂರು ವಾರಕ್ಕೆ ಉತ್ತರ ಬಂತು. ದುಂಡನೆಯ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಆ ಕಚೇರಿಗೇ ಬರೆದ ಪತ್ರ: ಮಗ ಹುಟ್ಟಿದ್ದು ೧೯೫೮ರಲ್ಲಿ, ದಾಖಲೆಯಲ್ಲಿ ಸುಳ್ಳು ಜನ್ಮದಿನಾಂಕ ಬರೆದವನು ನಾನು, ಶಿಕ್ಷೆ ಏನಿದ್ದರೂ ನನಗೇ ಆಗಲಿ. ಕೆಳಗೆ ಪೂರ್ತಿ ಹೆಸರು, ನಿವೃತ್ತ ಹೆಡ್‌ಮಾಸ್ತರ್ ಎಂಬ ಪದವಿ, ಸಹಿ.

ಗುರುಶಾಂತಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದ, ಹಾಗೆಯೇ ವಾಪಸು ತಂದ. "ನಮ್ಮಪ್ಪ ಸುಳ್ಳುಗಾರ ಅಂತ ನನ್ನ ಕೈಯಾರೆ ಹ್ಯಾಂಗ ಕೊಡ್ಲಿ ಹೇಳ್ರಿ?" ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತ. ತಿಂಗಳೊಳಗೆ ಎರಡು ಸಾಲಿನ ಕಾಗದ ಬಂತು, ಕೆಲಸಕ್ಕೆ ಅರ್ಹರಲ್ಲ ಎಂದು. ಅವನ ಗೆರೆಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿದವಳು ನಾನು.

ಆಮೇಲೆ ಅವನು ಜೆರಾಕ್ಸ್ ಅಂಗಡಿಯಲ್ಲೇ ಉಳಿದ. ಸರ್ಕಾರಕ್ಕೆ ಹೇಳದ ಸುಳ್ಳನ್ನು ಅಪ್ಪನಿಗೆ ಕಾಗದ ಬರೆದು ಹೇಳಿದ: ನಿಮ್ಮ ಪತ್ರ ನೋಡಿ ಒಪ್ಪಿದರು, ನೌಕರಿ ಸಿಕ್ಕಿತು. ಆ ಕಾಗದವನ್ನು ಅದೇ ಪೋಸ್ಟ್ ಆಫೀಸಿನಲ್ಲಿ ಹಾಕಿ ಬಂದೆವು.

ಬಸವಂತಪ್ಪನವರು ಊರಿನ ಶಾಲೆಯ ಮಕ್ಕಳಿಗೆಲ್ಲ ಪೇಢೆ ಹಂಚಿದರಂತೆ.