ಅವರೆ ಸಾಲಿನ ಅತ್ತೆ

ಧನುರ್ಮಾಸ ಬಂತೆಂದರೆ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿತ್ತು. ಅವರೆಕಾಯಿಯ ಕರೆ ಅದು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಉಗುರಿನಿಂದ ಕಾಯಿಯ ಬೆನ್ನನ್ನು ಒಂದು ಸಲ ಒತ್ತಿ, ಒಳಗೆ ಕಾಳು ತುಂಬಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಅದೇ ಬೆರಳನ್ನು ನನ್ನ ಮುಖದ ಮುಂದೆ ಆಡಿಸಿ ಬೈಯುತ್ತಲೂ ಇದ್ದರು.

ನಾನು ಚಾಂಪಿಯನ್ ರೀಫ್ಸ್‌ನವಳು, ಚಿನ್ನದ ಗಣಿ ಕೆಲಸದವರ ಮಗಳು, ತಮಿಳರ ನಡುವೆ ಬೆಳೆದವಳು. ಅವರೆಯನ್ನು ಸಂತೆಯ ರಾಶಿಯಲ್ಲಿ ನೋಡಿದ್ದೆನೇ ಹೊರತು ಗಿಡದಲ್ಲಿ ನೋಡಿರಲಿಲ್ಲ. ಅರವತ್ತರ ದಶಕದ ಶುರುವಿನಲ್ಲಿ ಕಾಮಸಮುದ್ರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯ ಯಜಮಾನಿಕೆ ಮಾವನ ತಮ್ಮನದು, ಅಂದರೆ ನಮ್ಮ ಚಿಕ್ಕಮಾವನದು. ಹೊಲದ ದುಡಿಮೆ ಮಾತ್ರ ಅತ್ತೆಯದು. ಇದನ್ನು ಬರೆಯುವಾಗ ಇವತ್ತಿಗೂ ಮೈ ಉರಿಯುತ್ತದೆ.

ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಬಿತ್ತುತ್ತಿದ್ದೆವು. "ಒತ್ತಾಗಿ ಬಿಡಬ್ಯಾಡ ಕಣೇ, ಗಾಳಿ ಆಡ್ಬೇಕು. ಇಲ್ದಿದ್ರೆ ಉಳ ಬೀಳ್ತದೆ" ಎಂದು ಹಿಂದೆಯೇ ಗದರಿಸಿಕೊಂಡು ಬರುತ್ತಿದ್ದರು. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅವರೆಯದೇ. ಬೆಳಗಿನ ಚಳಿಯಲ್ಲಿ ನಡುಗುತ್ತ ನಾನು ಗಿಡದ ಕೆಳಗೆ ಮೊರ ಹಿಡಿದರೆ ಅತ್ತೆ ಕೊಂಬೆ ಒದರಿ ಹುಳ ಉದುರಿಸುತ್ತಿದ್ದರು. ತುದಿಗೆ ಸಣ್ಣ ಹುಳ ಮುತ್ತಿದರೆ ಒಲೆಯ ಬೂದಿ. ಗೊಂಚಲು ಗೊಂಚಲಾಗಿ ಕಾಯಿ ಕಟ್ಟಿದ ಗಿಡಗಳಿಗೆ ಹಳೇ ಸೀರೆಯ ಚಿಂದಿ ಕಟ್ಟಿ, "ಇವು ಬಿತ್ತನೆಗೆ. ಮುಟ್ಟಿದ್ರೆ ಕೈ ಮುರೀತೀನಿ" ಎನ್ನುತ್ತಿದ್ದರು.

ಮೂರನೆಯ ವರ್ಷ ತಮ್ಮ ಮಗಳ ಹೆರಿಗೆಗೆಂದು ಅತ್ತೆ ಬಂಗಾರಪೇಟೆಗೆ ಹೋದರು. ಅವತ್ತೇ ಚಿಕ್ಕಮಾವ ಯಾರಿಂದಲೋ ಹುಳ ಸಾಯುವ ಪುಡಿ ತರಿಸಿ ಹೊಲಕ್ಕೆಲ್ಲ ಹೊಡೆಸಿದರು. ಪುಡಿ ಕೊಟ್ಟವನು ನನ್ನೆದುರಿಗೇ, "ಎರಡು ವಾರ ಕಾಯಿ ಕೀಳಬ್ಯಾಡಿ" ಎಂದಿದ್ದ. ಚಿಕ್ಕಮಾವ ತಲೆಯಾಡಿಸಿದ್ದರು. ಸಂಕ್ರಾಂತಿ ಹತ್ತಿರ ಬಂದಿತ್ತು, ನಾವು ಮಾರುತ್ತಿದ್ದ ಚಾಂಪಿಯನ್ ರೀಫ್ಸ್ ಸಂತೆಯಲ್ಲಿ ಅವರೆಗೆ ಒಳ್ಳೆಯ ಬೆಲೆ. ನಾಲ್ಕನೆಯ ದಿನಕ್ಕೇ ಆಳು ಕರೆಸಿ ಕೀಳಿಸಿದರು. ನಾನೂ ಬಾಯಿ ಮುಚ್ಚಿಕೊಂಡು ಕಿತ್ತೆ.

ಅತ್ತೆ ಅವತ್ತು ಸಂಜೆ ಹಿಂತಿರುಗಿದವರು ಸೀದಾ ಹೊಲಕ್ಕೆ ಹೋದರು. ಸಾಲಿನಲ್ಲಿ ಜೇನುಹುಳಗಳು ಸತ್ತು ಬಿದ್ದಿದ್ದವು. ಒಂದು ಕಾಯಿ ಮೂಸಿ ನನ್ನ ಕಡೆ ತಿರುಗಿದರು. ನಡೆದದ್ದೆಲ್ಲ ಹೇಳಿದೆ.

"ನಿಮ್ಮಪ್ಪ ನಿಮ್ಮವ್ವ ತಿನ್ನೋದೂ ಇದ್ನೇ ಅಲ್ವೇನೇ? ನಿನ್ ಬಾಯಿಗೆ ಏನು ಬಡ್ದಿತ್ತು?"

ಚಿಕ್ಕಮಾವ ಮನೆಯ ಜಗಲಿಯಲ್ಲಿ ಮೂಟೆ ಹೊಲಿಯುತ್ತಿದ್ದರು. ಅತ್ತೆ ಕೂಗಾಡಿದ್ದಕ್ಕೆ ತಲೆ ಕೂಡ ಎತ್ತಲಿಲ್ಲ. "ಅವ್ರು ತೊಳ್ಕಂಡು ತಿಂತಾರೆ ಬಿಡು ಅತ್ಗೆ. ನಮ್ಮನೇಲಿ ಬೇಯಿಸ್ಬ್ಯಾಡ, ಅಷ್ಟೇಯ."

ಮಾರನೆಯ ಬೆಳಗ್ಗೆ ಅವರು ಮೂಟೆಗಳ ಜೊತೆ ಮೊದಲ ಬಸ್ಸಿಗೆ ಹೋದರು. ಮುಂದಿನ ಬಸ್ಸಿಗೆ ಅತ್ತೆ ನನ್ನ ರಟ್ಟೆ ಹಿಡಿದು ಹತ್ತಿಸಿದರು. ಚಾಂಪಿಯನ್ ರೀಫ್ಸ್ ಸಂತೆಯಲ್ಲಿ ಒಂದು ಮೂಟೆ ಆಗಲೇ ರಾಶಿಯಾಗಿತ್ತು. ಅತ್ತೆ ಅದರ ಮುಂದೆ ನಿಂತು ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿದರು. ತಮಿಳು ಹೆಂಗಸರು ಹುಚ್ಚಿಯನ್ನು ನೋಡಿದಂತೆ ನೋಡಿದರು.

"ನಿಂಗೆ ಅವ್ರ ಮಾತು ಬತ್ತದಲ್ಲ, ಕೂಗೇ!"

"ಬಾಯಿ ಬಿಟ್ರೆ ಇಬ್ರನ್ನೂ ಮನೇಗೆ ಸೇರ್ಸಲ್ಲ" ಎಂದರು ಚಿಕ್ಕಮಾವ.

ನಾನು ಅತ್ತೆಯ ಬೆನ್ನ ಹಿಂದೆ ಸರಿದೆ. ಅಷ್ಟರಲ್ಲಿ ನಮ್ಮವ್ವನ ಪಕ್ಕದ ಮನೆಯಾಕೆ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವರು, ಬಗ್ಗಿ ಕಾಯಿ ಆರಿಸತೊಡಗಿದರು.

"ವಾಂಗಾದೀಂಗ ಅಕ್ಕಾ! ವಿಷಂ! ವಿಷಂ ಪೋಟ್ಟಿರುಕ್ಕು!"

ಕೊಳ್ಳಬೇಡಿ ಅಕ್ಕಾ, ವಿಷ ಹಾಕಿದೆ ಎಂದು ತಮಿಳಿನಲ್ಲಿ ಕೂಗಿಬಿಟ್ಟಿದ್ದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಆಕೆಯ ಕೈಯಿಂದ ಕಾಯಿ ಉದುರಿದವು. ಜನ ಹಿಂದೆ ಸರಿದರು. ಅತ್ತೆ ರಾಶಿಯನ್ನು ಕಾಲಿನಿಂದಲೇ ಚರಂಡಿಗೆ ತಳ್ಳಿ, ಉಳಿದ ಮೂಟೆಗಳ ಹೊಲಿಗೆ ಕಿತ್ತು ಸುರಿದರು.

ತಿಂಗಳೊಳಗೆ ಮನೆ ಪಾಲಾಯಿತು. ಹೆಂಗಸರು ಸಂತೆಯಲ್ಲಿ ಮನೆಯ ಮಾನ ಕಳೆದರೆಂದು ಹಿರಿಯರು ತೀರ್ಪು ಕೊಟ್ಟರು. ಜನರಿಗೆ ವಿಷ ಮಾರಲು ಹೊರಟವರನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಅತ್ತೆ ಬೆವರು ಸುರಿಸಿದ ಹೊಲ ಚಿಕ್ಕಮಾವನಿಗೆ, ನಮಗೆ ಗುಡ್ಡದ ಮಗ್ಗುಲಿನ ಕಲ್ಲುನೆಲ. ನನ್ನ ಗಂಡ ಎಲ್ಲದಕ್ಕೂ ತಲೆ ತಗ್ಗಿಸಿ ಹೂಂಗುಟ್ಟಿದರು. ಅತ್ತೆ ಮಾತ್ರ ಬೈಯುತ್ತ ಕಲ್ಲು ಆಯ್ದರು, ಕೆಮ್ಮಣ್ಣು ಬಳಿದು ಗಡಿಗೆಯಲ್ಲಿಟ್ಟಿದ್ದ ಹಿಂದಿನ ವರ್ಷದ ಬೀಜ ತೆಗೆದು ಬಿತ್ತಿದರು. ಕಲ್ಲುನೆಲದಲ್ಲೂ ಅವರೆ ಬಂತು.

ಕೆಲವು ವರ್ಷಗಳ ನಂತರ ಅತ್ತೆ ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದಾಗ ಚಿಕ್ಕಮಾವ ಬಂದು ಕಣ್ಣೊರೆಸಿಕೊಂಡು, "ನಮ್ಮತ್ಗೆ ಬಾಳ ತಾಳ್ಮೆ ಎಂಗ್ಸು. ಒಂದಿನ ಎದುರು ಮಾತಾಡ್ದೋಳಲ್ಲ" ಎಂದರು. ಎಲ್ಲರೂ ಹೌದೆಂದರು, ನನ್ನ ಗಂಡ ಕೂಡ.

ನಾನು ಎದ್ದು ನಿಂತೆ.

"ಸುಳ್ಳು ಯೋಳಬ್ಯಾಡಿ ಚಿಕ್ಕಮಾವ. ನಿಮ್ ಮೂಟೆ ಚರಂಡಿಗೆ ಸುರಿದೋರು ಇವ್ರೇಯ. ಸಾಯೋಗಂಟ ನಿಮ್ಮೇಲೆ ಕ್ವಾಪ ಬಿಟ್ಟಿರ್ನಿಲ್ಲ. ನಾನೂ ಬಿಡಾಕಿಲ್ಲ."

ಯಾರೋ ಹಿಂದಿನಿಂದ ನನ್ನ ಭುಜ ಒತ್ತಿ ಕೂರಿಸಲು ನೋಡಿದರು. ನಾನು ಕೂರಲಿಲ್ಲ.