ಹಡಗಿನ ಎರಡನೇ ಪಂಕ್ತಿ

ಚೌಕಾಸಿ ಮಾಡದೆ ಕೊಂಡ ಯಾವ ವಸ್ತುವೂ ನನಗೆ ಪೂರ್ತಿ ನನ್ನದು ಅನ್ನಿಸುವುದಿಲ್ಲ. ತಿಪಟೂರಿನ ಸೊಪ್ಪಿನವಳ ಜೊತೆ ಜಗಳದಷ್ಟೇ ಜೋರಾಗಿ ಮಾತಾಡಿ, ಕೊನೆಗೆ ನಗುತ್ತ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಂಡು ಬೆಳೆದವಳು ನಾನು. ಅಂಥವಳನ್ನು ತಂದು ಮಿಷಿಗನ್ನಿನ ಲಿವೋನಿಯಾದಲ್ಲಿ ಕೂರಿಸಿದರೆ ಏನು ಮಾಡಬೇಕು ಹೇಳಿ. ಇಲ್ಲಿ ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿರುತ್ತಾರೆ, ಚೀಟಿಯ ಮೇಲೆ ಮರುಮಾತಿಲ್ಲ. ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಟವೆಲ್ಲಿನ ಬೆಲೆ ಕೇಳಿ, ಮುಖ ಸಿಂಡರಿಸಿ, ನಿಧಾನವಾಗಿ ಬಾಗಿಲ ತನಕ ನಡೆದು ಹೋದೆ. ಅಂಗಡಿಯ ಹುಡುಗಿ ಹಿಂದಿನಿಂದ ಕರೆಯುತ್ತಾಳೆ ಎಂದು ಕಾದೆ. ಅವಳು 'ಹ್ಯಾವ್ ಎ ನೈಸ್ ಡೇ' ಎಂದಳು. ಟವೆಲ್ಲಿಲ್ಲದೆ ಮನೆಗೆ ಬಂದೆ.

ಆದ್ದರಿಂದ, ಈ ದೇಶದಲ್ಲೂ ಒಂದು ವಸ್ತುವಿನ ಬೆಲೆಗೆ ಜೀವವಿದೆ, ಅದು ದಿನಕ್ಕೊಂದು ಸಲ ಏರಿಳಿಯುತ್ತದೆ, ಫೋನು ಮಾಡಿ ಕೇಳಿದರೆ ಇಳಿಸಿಯೂ ಕೊಡುತ್ತಾರೆ ಎಂದು ತಿಳಿದಾಗ ನನಗಾದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ. ಆ ವಸ್ತುವೇ ವಿಹಾರದ ಹಡಗಿನ ಟಿಕೆಟ್ಟು. ಮೊದಲು ಒಂದಿಷ್ಟು ಮುಂಗಡ ಕಟ್ಟಿ ಕೋಣೆ ಹಿಡಿಯಬೇಕು. ಪೂರ್ತಿ ಹಣ ಕಟ್ಟಲು ಹಡಗು ಹೊರಡುವುದಕ್ಕೆ ತಿಂಗಳುಗಳ ಮುಂಚಿನ ಒಂದು ಕೊನೆಯ ದಿನ ಇರುತ್ತದೆ. ಆ ದಿನದವರೆಗೆ ಬೇಡವೆಂದರೆ ನಾನಿದ್ದ ಕಡೆ ಮುಂಗಡ ವಾಪಸು. ನಡುವೆ ಬೆಲೆ ಇಳಿದರೆ, ಎಚ್ಚರವಾಗಿದ್ದವರಿಗೆ ಇಳಿದ ಬೆಲೆ. ನಾನು ಎಚ್ಚರವಾಗಿದ್ದೆ. ಸೌತ್‌ಫೀಲ್ಡಿನ ಒಂದು ಎತ್ತರದ ಕಟ್ಟಡದಲ್ಲಿದ್ದ ನಮ್ಮ ಟ್ರಾವೆಲ್ ಏಜೆಂಟ್ ಲಿಂಡಾ, ಬೆಳಿಗ್ಗೆ ಫೋನು ಹೊಡೆದುಕೊಂಡರೆ 'ಹಲೋ' ಎನ್ನುವ ಬದಲು 'ಇವತ್ತು ಇಳಿದಿಲ್ಲ' ಎನ್ನುವ ಮಟ್ಟಕ್ಕೆ ಬಂದಳು.

ಹಡಗಿನ ಮೋಹ ನನಗೆ ಸಮುದ್ರದಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. ನಾವು ಮೂವರು ಅಕ್ಕತಂಗಿಯರು. ಹಿರಿಯವಳು ಶಮೀಮ್ ಆಪಾ, ನದಿಯಾಚೆ ಕೆನಡಾದ ವಿಂಡ್ಸರಿನಲ್ಲಿ. ಡೆಟ್ರಾಯಿಟ್ಟಿನ ದಂಡೆಯಲ್ಲಿ ನಿಂತರೆ ಅವಳ ದೇಶ ದಕ್ಷಿಣಕ್ಕೆ ಕಾಣುತ್ತದೆ. ಕೆನಡಾ ಉತ್ತರದಲ್ಲಿರಬೇಕು ಎಂದು ಭೂಗೋಳ ಓದಿದವರು ಇಲ್ಲಿ ಬಂದು ಒಮ್ಮೆ ಪೆಚ್ಚಾಗುತ್ತಾರೆ. ನಡುವಿನವಳು ನಾನು. ಕಿರಿಯವಳು ಫರೀದಾ, ಇಂಗ್ಲೆಂಡಿನ ಲೆಸ್ಟರಿನಲ್ಲಿ. ಮೂವರ ಗಂಡಂದಿರೂ ಹೈದರಾಬಾದಿನವರು. ನಮ್ಮ ಯಜಮಾನರಿಗೆ ಇಷ್ಟು ವರ್ಷದಲ್ಲಿ ಅಂಟಿಕೊಂಡ ಕನ್ನಡ 'ಸಾಕು' ಎಂಬ ಒಂದೇ ಮಾತು, ಅದೂ ಊಟದ ಹೊತ್ತಿನಲ್ಲಿ. ಹೀಗಾಗಿ ಮನೆಮಂದಿಯ ಮಾತೆಲ್ಲ ಉರ್ದುವಿನಲ್ಲಿ, ಅವರಿಗೆ ತಿಳಿಯಬಾರದ ಮಾತೆಲ್ಲ ಕನ್ನಡದಲ್ಲಿ ನಡೆಯುತ್ತದೆ. ನಮ್ಮ ಕನ್ನಡ ಇನ್ನೂ ಸೊಗಸಾಗಿ ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ ಈ ಮೂವರು ಗಂಡಂದಿರು.

ನಾವು ಸೇರುತ್ತಿರಲಿಲ್ಲ ಎಂದಲ್ಲ. ಈದ್‌ಗೆ, ಮದುವೆಗೆ, ಬಾಣಂತನಕ್ಕೆ ಸೇರುತ್ತಿದ್ದೆವು. ಆದರೆ ಯಾರ ಮನೆಯಲ್ಲಿ ಸೇರಿದರೆ ಆ ಮನೆಯವಳು ಒಲೆಯ ಮುಂದೆ ನಿಂತಿರುತ್ತಿದ್ದಳು. ಉಳಿದಿಬ್ಬರಲ್ಲಿ ಒಬ್ಬಳು ಅವಳಿಗೆ ಸಹಾಯ ಮಾಡಲು ಏಳುತ್ತಿದ್ದಳು. ಇನ್ನೊಬ್ಬಳು ಬಡಿಸಲು. ಊರ ಮದುವೆಗಳಲ್ಲಿ ನೋಡಿದ್ದೀರಲ್ಲ, ಮೊದಲ ಪಂಕ್ತಿ ಬೀಗರಿಗೆ, ಎರಡನೆಯದು ನೆಂಟರಿಗೆ, ಮನೆಯ ಹೆಂಗಸರಿಗೆ ಎಲ್ಲ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು. ನೆಲಕ್ಕೆ ಬಟ್ಟೆ ಹಾಸಿ ಉಣ್ಣುವ ನಮ್ಮ ದಸ್ತರ್‌ಖಾನಿನ ಕಥೆಯೂ ಅದೇ. ಒಂದು ದಿನ ಫೋನಿನಲ್ಲಿ ಲೆಕ್ಕ ಹಾಕಿ ನೋಡಿದರೆ, ಫರೀದಾಳ ನಿಕಾಹ್ ಆದ ಮೇಲೆ ನಾವು ಮೂವರು ಒಟ್ಟಿಗೆ ಕೂತು, ಯಾರೂ ಏಳದೆ, ಒಂದು ಊಟವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದ್ದು ಯಾರಿಗೂ ನೆನಪಾಗಲಿಲ್ಲ.

"ಯಾರ ಮನೇನೂ ಅಲ್ಲದ ಜಾಗಕ್ಕೆ ಹೋಗ್ಬೇಕು ಕಣೇ," ಎಂದಳು ಆಪಾ. "ನಂಗೆ ಒಂದ್ಸಲ ಕೂತ್ಕೊಂಡು ಉಣ್ಬೇಕು ಅಷ್ಟೇ."

ಆಪಾ ಏನನ್ನೂ ಕೇಳುವವಳಲ್ಲ. ನಮ್ಮಿಬ್ಬರಿಗೂ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸಿದವಳು ಅವಳು. ಆ ಮಾತು ನನ್ನ ಎದೆಗೆ ನಾಟಿತು. ಆ ಭಾನುವಾರದ ಪೇಪರಿನಲ್ಲಿ ಹಡಗಿನ ಜಾಹೀರಾತು ಕಂಡಾಗ ಫ್ಲಾರಿಡಾದ ನೀಲಿ ನೀರಾಗಲಿ ಈಜುಕೊಳವಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜೊಂದಿತ್ತು. ಅದರ ಸುತ್ತ ಹೆಂಗಸರು ಕೂತಿದ್ದರು, ಬಡಿಸುತ್ತಿದ್ದವನು ಗಂಡಸು.

ಒಬ್ಬರೇ ಮೂರೂ ಜೋಡಿಯ ಟಿಕೆಟ್ಟು ತೆಗೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಮೂವರು ಗಂಡಂದಿರಿಗೂ ಅವರವರ ಊರಿನ ಏಜೆಂಟಿನ ಮೇಲೆ ಅವರವರ ಹೆಂಡತಿಯ ಮೇಲಿಗಿಂತ ಹೆಚ್ಚು ನಂಬಿಕೆ. ಮೂರು ದೇಶಗಳಲ್ಲಿ ಮೂರು ಬುಕಿಂಗ್ ಆದವು. ಆಮೇಲೆ ಮೂವರೂ ಫೋನಿನಲ್ಲಿ ಸೇರಿ 'ನಿಂದೆಷ್ಟಾಯ್ತು' ಎಂದು ಕೇಳಿಕೊಂಡೆವು. ಕೇಳಬಾರದಿತ್ತು. ಒಂದೇ ಹಡಗು, ಒಂದೇ ಅಂತಸ್ತು, ಒಂದೇ ಅಳತೆಯ ಕೋಣೆ, ಆದರೆ ಬೆಲೆ ಮಾತ್ರ ಮೂರು. ಹಡಗಿನವರಿಗೆ ನೀವು ಯಾವ ಊರಲ್ಲಿ ಹುಟ್ಟಿದಿರಿ ಎಂಬುದು ಬೇಡ, ಯಾವ ವಿಳಾಸಕ್ಕೆ ಬಿಲ್ಲು ಬರುತ್ತದೆ ಎಂಬುದಷ್ಟೇ ಬೇಕು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ನಮ್ಮನ್ನು ಅವರು ಮೂರು ಜಾತಿ ಮಾಡಿಬಿಟ್ಟರು.

ಬೆಲೆಗಿಂತ ಸ್ವಾರಸ್ಯವಾದದ್ದು ಷರತ್ತುಗಳು. ಅವುಗಳನ್ನು ಓದಿದರೆ ಆಯಾ ದೇಶದ ಜನ ಹೇಗೆಂದು ತಿಳಿದುಬಿಡುತ್ತದೆ. ಅಮೆರಿಕದವರು ಮನುಷ್ಯ ಮನಸ್ಸು ಬದಲಾಯಿಸುತ್ತಾನೆ ಎಂದು ಒಪ್ಪಿಕೊಂಡವರು. ತೊಟ್ಟ ಕೋಟನ್ನು, ಕರಕಲಾದ ಬಾಣಲೆಯನ್ನು ಅಂಗಡಿಗೆ ವಾಪಸು ಕೊಟ್ಟು ಹಣ ತೆಗೆದುಕೊಂಡು ಬರುವ ಜನ, ಹಡಗನ್ನು ಬಿಡುತ್ತಾರೆಯೇ? ಕೆನಡಾದ ಷರತ್ತೂ ಹೆಚ್ಚುಕಡಿಮೆ ಅದೇ, ಡಾಲರು ಮಾತ್ರ ಬೇರೆ, ಮೇಲಿನ ತೆರಿಗೆ ಬೇರೆ, ಹೇಳುವ ದನಿ ಇನ್ನೂ ಮೆತ್ತಗೆ. ಇಂಗ್ಲೆಂಡಿನ ಏಜೆಂಟು ಫರೀದಾಳಿಗೆ ಕೊಟ್ಟದ್ದು ಇನ್ನೊಂದು ಮಾದರಿ. ವಿಮಾನದ ಟಿಕೆಟ್ಟನ್ನೂ ಹಡಗನ್ನೂ ಸೇರಿಸಿ ಗಂಟು ಕಟ್ಟಿ ಒಂದು ಬೆಲೆ ಹೇಳಿದ್ದ. ಅಲ್ಲಿ ಮುಂಗಡವೆಂದರೆ ನಿಶ್ಚಿತಾರ್ಥ. ಕೊಟ್ಟ ಮೇಲೆ ಮುಗಿಯಿತು, ಬೇಡವೆಂದರೆ ಹೋದ ಹಣ ಹೋಯಿತು. ಬೆಲೆ ಇಳಿದರೆ ಅದು ಬೇರೆಯವರ ಅದೃಷ್ಟ.

ನಾನು ಫರೀದಾಳನ್ನು ಕೆಣಕಿದೆ. "ಬೆಲೆ ಇನ್ನೊಂದ್ಸಲ ಇಳೀತು ನಂಗೆ. ನೀನು ಗೂಟಕ್ಕೆ ಕಟ್ಟಿದ ಹಾಗೆ ಅಲ್ಲೇ ನಿಂತಿರು," ಎಂದೆ. ಅವಳು "ನಿಂಗೆ ಬೇರೆ ಕೆಲ್ಸ ಇಲ್ವಾ" ಎಂದಳು. ಇರಲಿಲ್ಲ.

ನನ್ನ ಈ ಬೀಗುವಿಕೆ ಇಳಿದದ್ದು ಲಿಂಡಾಳಿಂದ ಬಂದ ಕಾಗದವನ್ನು ಸರಿಯಾಗಿ ಓದಿದಾಗ. ಆ ಹಡಗಿನಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ, ಬೇಗನೆಯದು ಮತ್ತು ತಡವಾದದ್ದು. ಯಾವ ಪಂಕ್ತಿ, ಯಾವ ಮೇಜು ಎಂದು ಮೊದಲೇ ಗೊತ್ತುಮಾಡಿರುತ್ತಾರೆ, ವಾರವಿಡೀ ಅದೇ. ನನಗೂ ಆಪಾಳಿಗೂ ಮೊದಲ ಪಂಕ್ತಿ, ಅದೂ ಊಟದ ಹಜಾರದ ಬೇರೆ ಬೇರೆ ಮೂಲೆಗಳಲ್ಲಿ. ಫರೀದಾಳಿಗೆ ಎರಡನೆಯದು. ಅಂದರೆ ಮೂರು ದೇಶದಿಂದ ಸಮುದ್ರದ ನಡುವೆ ಬಂದು ಸೇರಿ, ಅಲ್ಲಿಯೂ ನಾವು ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುವುದು. ಬದಲಾಯಿಸಿ ಎಂದರೆ ಎರಡನೇ ಪಂಕ್ತಿ ಭರ್ತಿಯಾಗಿದೆ ಎಂದರು. ಫರೀದಾಳನ್ನು ಮೊದಲ ಪಂಕ್ತಿಗೆ ತರೋಣವೆಂದರೆ ಅವಳ ಗಂಟು ಬಿಚ್ಚಬೇಕು, ಬಿಚ್ಚಿದರೆ ಮುಂಗಡ ಹೋಯಿತು.

ಮಗಳು ಸನಾ ಕಾಲೇಜಿನವಳು. ಅವಳಿಗೆ ನನ್ನ ಸಂಕಟ ಅರ್ಥವೇ ಆಗಲಿಲ್ಲ. "ಅಮ್ಮೀ, ಇಟ್ಸ್ ಜಸ್ಟ್ ಡಿನ್ನರ್. ಯು ವಿಲ್ ಸೀ ದೆಮ್ ಆಲ್ ಡೇ," ಎಂದಳು. ಯಜಮಾನರು, ಕೊನೆಯ ದಿನ ಬರುವ ಮೊದಲೇ ಹಣ ಕಟ್ಟಿಬಿಡು, ಇರುವ ಕೋಣೆಯನ್ನೂ ಕಳಕೊಳ್ಳಬೇಡ ಎಂದರು. "ಹೋಗ್ಲಿ ಬಿಡು, ಅಭ್ಯಾಸ ಇದೆಯಲ್ಲ," ಎಂದಳು ಆಪಾ. ಅವಳು ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ, ಆದರೆ ಹೀಗೆ ಹೇಳಿದ ಮೇಲೆ ಬಿಡುವಂತಿರಲಿಲ್ಲ.

ಆಗ ನನ್ನ ತಲೆಗೆ ಹೊಳೆದದ್ದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಹೆಮ್ಮೆ. ಕೋಟು ವಾಪಸು ಕೊಡುವ ಈ ಜನ, ಮುಂಗಡ ವಾಪಸು ಸಿಗುವ ಕೊನೆಯ ದಿನ ಏನು ಮಾಡುತ್ತಾರೆ? ಪುಕ್ಕಟೆಯಾಗಿ ಮನಸ್ಸು ಬದಲಾಯಿಸುವ ಅವಕಾಶ ಅಂದಿಗೆ ಮುಗಿಯುತ್ತದೆ ಎಂದರೆ, ಅಂದೇ ಬದಲಾಯಿಸುತ್ತಾರೆ. ಆಸೆಗೆ ಬಿದ್ದು ಕೋಣೆ ಹಿಡಿದವರು, ಹೆಂಡತಿಯ ಒತ್ತಾಯಕ್ಕೆ ಹಿಡಿದವರು, ಎರಡೆರಡು ಹಡಗು ಹಿಡಿದಿಟ್ಟವರು ಎಲ್ಲರೂ ಆ ದಿನ ಫೋನೆತ್ತುತ್ತಾರೆ. ಇಂಗ್ಲೆಂಡಿನವರು ಪಂಕ್ತಿ ಬಿಟ್ಟು ಏಳುವುದಿಲ್ಲ, ಅವರಿಗೆ ನಿಶ್ಚಿತಾರ್ಥವಾಗಿದೆ. ಆದ್ದರಿಂದ ಫರೀದಾ ಎಲ್ಲಿದ್ದಾಳೋ ಅಲ್ಲೇ ಇರಲಿ. ನಾನು ಗೇಲಿ ಮಾಡಿದ ಗೂಟವೇ ನಮ್ಮ ಆಧಾರ, ಬಿಚ್ಚಿಕೊಳ್ಳಬಲ್ಲ ನಾವಿಬ್ಬರು ಅವಳ ಪಕ್ಕಕ್ಕೆ ಹೋಗಬೇಕು.

ಇಂಥ ಕೆಲಸ ಫೋನಿನಲ್ಲಿ ಆಗುವುದಿಲ್ಲ ಎಂಬುದು ತಾಲ್ಲೂಕು ಕಚೇರಿ ಕಂಡವರಿಗೆಲ್ಲ ಗೊತ್ತು. ಎದುರಿಗೆ ಹೋಗಿ ಕೂರಬೇಕು. ಕೊನೆಯ ದಿನ ಬೆಳಿಗ್ಗೆಯೇ ಒಂದು ಡಬ್ಬಿ ಕಜ್ಜಾಯ ಹಿಡಿದು ಸೌತ್‌ಫೀಲ್ಡಿಗೆ ಹೋಗಿ ಲಿಂಡಾಳ ಎದುರು ಕೂತೆ. ಸನಾ ಡ್ರೈವ್ ಮಾಡಿಕೊಂಡು ಬಂದವಳು, "ಯು ಕಾಂಟ್ ಜಸ್ಟ್ ಸಿಟ್ ದೇರ್," ಎಂದು ನಾಚಿಕೆಯಿಂದ ಕಾರಿನಲ್ಲೇ ಉಳಿದಳು. ವಿಂಡ್ಸರಿನಲ್ಲಿ ಆಪಾಳನ್ನೂ ಅವಳ ಏಜೆಂಟಿನ ಎದುರು ಕೂರಿಸಿದ್ದೆ. ನನಗೂ ಆಪಾಳಿಗೂ ನಮ್ಮಿಬ್ಬರ ಗಂಡಂದಿರಿಗೂ ಸೇರಿ ಎರಡನೇ ಪಂಕ್ತಿಯಲ್ಲಿ ನಾಲ್ಕು ಕುರ್ಚಿ ಬೇಕಿತ್ತು. ನಾಲ್ಕು ತೆರವಾದರೆ ಮೂರು ದೇಶದ ಮೂರು ಬುಕಿಂಗನ್ನೂ ಒಂದೇ ಮೇಜಿಗೆ ಸೇರಿಸಿಕೊಡುತ್ತೇವೆ ಎಂದು ಹಡಗಿನ ಕಚೇರಿಯವರು ಲಿಂಡಾಳಿಗೆ ಮಾತು ಕೊಟ್ಟಿದ್ದರು. ಸಂಜೆ ಕಚೇರಿ ಮುಚ್ಚುವುದರೊಳಗೆ ಹಣ ಕಟ್ಟದಿದ್ದರೆ ಇರುವ ಕೋಣೆಯೂ ಹೋಗುತ್ತಿತ್ತು.

ಮಧ್ಯಾಹ್ನದವರೆಗೆ ಒಬ್ಬರೂ ಪಂಕ್ತಿ ಬಿಟ್ಟು ಏಳಲಿಲ್ಲ. ಅಮೆರಿಕನ್ನರ ಚಂಚಲತೆಯ ಮೇಲೆ ನನಗಿದ್ದ ನಂಬಿಕೆ ಅಲುಗಾಡತೊಡಗಿತು. ಊಟದ ನಂತರ ಎರಡು ಕುರ್ಚಿ ತೆರವಾದವು. ಲಿಂಡಾ ನನ್ನ ಮುಖ ನೋಡಿ, ನಿಮಗೂ ನಿಮ್ಮ ಯಜಮಾನರಿಗೂ ಹಾಕಿಬಿಡಲೇ ಎಂದಳು. ಒಂದು ಕ್ಷಣ ಆಸೆಯಾಯಿತು ಎಂದು ಮುಚ್ಚಿಡದೆ ಹೇಳುತ್ತೇನೆ. ನಾನೂ ಫರೀದಾಳೂ ಒಂದಾಗುತ್ತಿದ್ದೆವು. ಆಪಾ ಇನ್ನೊಂದು ಪಂಕ್ತಿಯಲ್ಲಿ, ತನ್ನ ಅಭ್ಯಾಸದೊಂದಿಗೆ. "ನಾಲ್ಕು ಇದ್ದರೆ ಸರಿ, ಎರಡು ಬೇಡ," ಎಂದೆ. ನಾಲ್ಕು ಸಿಗಲಾರದು, ಹೊತ್ತಾಗುತ್ತಿದೆ ಎಂದಳು ಅವಳು. ಹಾಗಾದರೆ ಮೂವರೂ ಹೋಗುವುದಿಲ್ಲ ಎಂದು ಪರ್ಸು ಎತ್ತಿಕೊಂಡು ಎದ್ದೆ. ಚೌಕಾಸಿಗೆಂದು ಎದ್ದದ್ದಲ್ಲ, ಅವಳ ಎದುರು ಕಣ್ಣೊರೆಸಿಕೊಳ್ಳಬಾರದೆಂದು ಎದ್ದೆ. ಬಾಗಿಲ ಹಿಡಿಗೆ ಕೈ ಹಾಕಿದ್ದೆ, ಹಿಂದಿನಿಂದ ಲಿಂಡಾ ನನ್ನ ಹೆಸರು ಹಿಡಿದು ಕರೆದಳು.

ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ನನ್ನನ್ನು ಬಾಗಿಲಿನಿಂದ ವಾಪಸು ಕರೆದಿದ್ದರು. ಒಹಾಯೊದ ಯಾವುದೋ ದೊಡ್ಡ ಕುಟುಂಬ ಒಟ್ಟಿಗೇ ಮನಸ್ಸು ಬದಲಾಯಿಸಿತ್ತು. ಆ ಪುಣ್ಯಾತ್ಮರು ಯಾರೋ ಏನೋ, ಇಂದಿಗೂ ಅವರಿಗಾಗಿ ದುವಾ ಮಾಡುತ್ತೇನೆ. ಆರು ಜನರ ಒಂದು ಮೇಜು ನಮ್ಮದಾಯಿತು, ಮೇಲಿನಿಂದ ಬೆಲೆಯೂ ಇನ್ನೊಂದಿಷ್ಟು ಇಳಿದಿತ್ತು. ಲಿಂಡಾ ಕಜ್ಜಾಯದ ಡಬ್ಬಿ ತೆರೆದಳು, ನಾನು ಆಪಾಳಿಗೆ ಫೋನು ಮಾಡಿದೆ. "ನಿಜ್ವಾಗ್ಲೂನಾ?" ಎಂದು ಎರಡು ಸಲ ಕೇಳಿದಳು. ನಾನು ಕಾರಿಗೆ ಇಳಿದುಹೋಗುವಾಗ ಯುದ್ಧ ಗೆದ್ದು ಬಂದವಳಂತೆ ನಡೆದೆನೆಂದು ಸನಾ ಈಗಲೂ ನನ್ನ ನಡಿಗೆ ಮಾಡಿ ತೋರಿಸುತ್ತಾಳೆ.

ಹಡಗಿನ ಮೊದಲ ಸಂಜೆ ನಾವು ಮೂವರೂ ಜರಿಸೀರೆಯುಟ್ಟು ಎರಡನೇ ಪಂಕ್ತಿಗೆ ಇಳಿದೆವು. ಎರಡನೇ ಪಂಕ್ತಿಗೆ ಒಂದು ದೊಡ್ಡ ಸುಖವಿದೆ. ನಮ್ಮ ಹಿಂದೆ ಬೆನ್ನಿಗೆ ಕಾಯುತ್ತ ನಿಂತವರು ಯಾರೂ ಇರುವುದಿಲ್ಲ, ಎಷ್ಟು ಹೊತ್ತಾದರೂ ಕೂರಬಹುದು. ಗಂಡಂದಿರು ಹಡಗಿನ ಎಂಜಿನ್ನಿನ ವಿಷಯಕ್ಕೆ ಬಿದ್ದರು. ಬಡಿಸುವವನು ಬ್ರೆಡ್ಡಿನ ಬುಟ್ಟಿ ತಂದು ಮೇಜಿನ ಮೇಲಿಟ್ಟ. ಇಟ್ಟ ಕೂಡಲೇ ನಾವು ಮೂವರೂ ಬಡಿಸಲು ಒಟ್ಟಿಗೆ ಎದ್ದು ನಿಂತೆವು. ಅವನು ಗಾಬರಿಯಾಗಿ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫರೀದಾಳಿಗೆ ನಗು ತಡೆಯಲಾಗಲಿಲ್ಲ.

"ಕೂತ್ಕೊಳ್ರೇ," ಎಂದಳು ಆಪಾ, ಮೊದಲು ತಾನೇ ಕೂತು.

ಕೂತೆವು. ಟೊಮೇಟೊ ಸೂಪು ಬಂತು. ಅವನೇ ಬಡಿಸಿದ. ಆಪಾ ಸೆರಗು ಸರಿಮಾಡಿಕೊಂಡು, ಬೆನ್ನನ್ನು ಕುರ್ಚಿಗೆ ಆನಿಸಿ, ಒಂದು ಚಮಚ ಬಾಯಿಗಿಟ್ಟಳು. ಎಷ್ಟೋ ವರ್ಷಗಳಿಂದ ತನ್ನ ಅಡುಗೆಗೆ ಎಲ್ಲರೂ ಹೇಳುತ್ತ ಬಂದ ಮಾತನ್ನು, ಗಂಡಂದಿರಿಗೆ ತಿಳಿಯದ ನಮ್ಮ ಕನ್ನಡದಲ್ಲಿ, ನಿಧಾನವಾಗಿ, ರುಚಿ ನೋಡುತ್ತ ಹೇಳಿದಳು.

"ಉಪ್ಪು ಸ್ವಲ್ಪ ಕಮ್ಮಿ ಆಯ್ತು."

ಉಪ್ಪು ಸರಿಯಾಗಿಯೇ ಇತ್ತು. ನಾನೂ ಫರೀದಾಳೂ ಒಂದೊಂದು ಚಮಚ ಕುಡಿದು, ಹೌದು, ಕಮ್ಮಿ ಆಯ್ತು ಎಂದೆವು.